ಮಾಂಸದಲ್ಲಿ ಬೆಳೆದ ಕಲ್ಲು

ದೇಲುವಿಗೆ ಬಲಗಿವಿ ಕೇಳಿಸುವುದಿಲ್ಲ. ಅವಳ ಕಾಲುಸೂಪು ಬೇಕಿದ್ದವರು ಎಡಗಡೆ ನಿಂತು ಕೇಳಬೇಕು. ಲಾರಿ ನಿಲ್ದಾಣದ ಡ್ರೈವರುಗಳಿಗೆಲ್ಲ ಇದು ಗೊತ್ತು. ಹೊಸಬರು ಬಲಗಡೆ ನಿಂತು ಕೂಗಿ ಕೂಗಿ ಗಂಟಲು ಹರಿದುಕೊಂಡರೆ ಹಳಬರು ನಗುತ್ತಾರೆ. ಕಿವಿ ಯಾಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಕಟುಕರ ಹೆಂಗಸರ ಮೈಮೇಲಿನ ಗುರುತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಆ ಪದ್ಧತಿ ಇದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಅವಳು ಹುಟ್ಟಿದ್ದು ರೀಜಿಯಾ ಎಂಬ ಊರಿನ ಕಟುಕರ ಕೇರಿಯಲ್ಲಿ, ಮದುವೆಯಾಗಿ ಹೋದದ್ದೂ ಅದೇ ಕೇರಿಯ ಇನ್ನೊಂದು ತುದಿಗೆ. ಊರಿನ ಉಳಿದವರಿಗೆ ನಮ್ಮ ಮಾಂಸ ಬೇಕು, ನಮ್ಮ ಹೆಣ್ಣು ಬೇಡ. ಹಾಗಾಗಿ ಕಟುಕನ ಮಗಳು ಕಟುಕನಿಗೇ. ದನದ ತಲೆ, ಕಾಲು ಹೆಂಗಸರ ಪಾಲಿಗೆ ಬರುತ್ತವೆ. ಕೊಂಬಿನ ಸಮೇತ ಬೆಂಕಿಗೆ ಹಾಕಿ ಕೂದಲು ಸುಟ್ಟು, ಕೆರೆದು, ಕೊಡಲಿಯಿಂದ ಸೀಳಿ ಬೇಯಿಸುವುದು ಅವಳ ಕೆಲಸ. ಏಳೆಂಟು ವರ್ಷದವಳಿದ್ದಾಗಲೇ ಮೊಣಕಾಲಿನ ಚಿಪ್ಪನ್ನು ಒಂದೇ ಏಟಿಗೆ ಒಡೆಯುತ್ತಿದ್ದಳಂತೆ.

ಆ ವಯಸ್ಸಿನಲ್ಲೇ ಅವಳು ಮೊದಲ ಸಲ ಮಾಂಸದೊಳಗಿನ ಕಲ್ಲನ್ನು ಕಂಡದ್ದು. ಉತ್ತರದಿಂದ ನಡೆಸಿಕೊಂಡು ಬಂದ ಎತ್ತು. ದಾರಿಯುದ್ದಕ್ಕೂ ದೊಣ್ಣೆ ಏಟು ತಿಂದು ಬಂದದ್ದು. ಅಪ್ಪ ತೊಡೆ ಕೊಯ್ಯುತ್ತಿದ್ದಾಗ ಮೂಳೆಯೇ ಇಲ್ಲದ ಕಡೆ ಕತ್ತಿ ಟಣ್ಣೆಂದಿತು. ಬಿಡಿಸಿ ನೋಡಿದರೆ ಕೆಂಪು ಮಾಂಸದ ನಡುವೆ ಕೋಳಿಮೊಟ್ಟೆ ಗಾತ್ರದ ಬಿಳಿ ಗಡ್ಡೆ. ದೇಲು ಅದನ್ನು ಕೈಯಲ್ಲಿ ಹಿಡಿದು, "ಎತ್ತು ಕಲ್ಲು ನುಂಗಿತ್ತಾ ಅಪ್ಪಾ?" ಎಂದಳು.

"ನುಂಗಿದ್ರೆ ಹೊಟ್ಟೆಯಾಗೆ ಇರ್ತಿತ್ತು, ತೊಡೆಗೆ ಯಾಕೆ ಬರ್ತದೆ ಪೆದ್ದಿ?" ಎಂದ ಅಪ್ಪ. "ಏಟು ಬಿದ್ದ ಕಡೆ ಒಳಗೇ ರಕ್ತ ಚೆಲ್ತದೆ. ಹೊರಗೆ ಬರಾಕೆ ದಾರಿ ಇಲ್ದೆ ಅಲ್ಲೇ ಮಡುಗಟ್ತದೆ. ಮೈಯ ನೀರ್ನಾಗೆ ಸುಣ್ಣ ಇರ್ತದೆ ಕಣವ್ವ, ಸಾರಿನಾಗೆ ಉಪ್ಪಿದ್ದಂಗೆ, ಕಣ್ಣಿಗೆ ಕಾಣಲ್ಲ. ಅದು ಮೂಳೆಗೆ ಹೋಗಿ ಸೇರ್ಕೊಳ್ಳಾಕೆ ಅಂತಾನೇ ಮೈಯೆಲ್ಲ ತಿರುಗ್ತಿರ್ತದೆ. ದಾರಿಯಾಗೆ ಈ ಹೆಪ್ಪು ಸಿಕ್ತು ಅಂದ್ರೆ, ಇದು ಮೂಳೆ ಅಲ್ಲ ಮಾಂಸ ಅಂತ ಅದಕ್ಕೇನು ತಿಳೀತದೆ? ಕೂತ್ಕೊಂಡ್ಬಿಡ್ತದೆ. ಮೊದಲ್ನೇ ಕಾಳು ಕೂರೋದೇ ಕಷ್ಟ. ಒಂದು ಕೂತ್ರೆ ಅದರ ಮೈಮೇಲೆ ಇನ್ನೊಂದು, ಇನ್ನೊಂದರ ಮೇಲೆ ಮತ್ತೊಂದು."

ಆಮೇಲೆ ಅವಳು ಅದರ ಎಲ್ಲ ಹಂತಗಳನ್ನೂ ಕಂಡಳು. ಹೊಸ ಏಟಿನಲ್ಲಿ ಕಪ್ಪು ರಕ್ತ. ಸ್ವಲ್ಪ ಹಳೆಯದರಲ್ಲಿ ಗಿಣ್ಣಿನಂಥ ಮೆತ್ತನೆ ಗಡ್ಡೆ. ಇನ್ನೂ ಹಳೆಯದರಲ್ಲಿ ನಡುವೆ ಮೆತ್ತಗೆ, ಅಂಚಿನಲ್ಲಿ ಮಾತ್ರ ಮರಳು ಮರಳು. ಕಡೆಗೆ ಅಂಚಿನಿಂದ ಒಳಕ್ಕೆ ಗಟ್ಟಿಯಾಗುತ್ತ ಬಂದು ಪೂರ್ತಿ ಮೂಳೆ. ಒಡೆದರೆ ಒಳಗೆ ಮಜ್ಜೆಯೂ ಇರುತ್ತಿತ್ತು. ವಾಸಿಯಾಗುವ ಮೊದಲೇ ಅದೇ ಜಾಗಕ್ಕೆ ಮತ್ತೆ ಮತ್ತೆ ಏಟು ತಿಂದ ದನದಲ್ಲಿ ಕಲ್ಲು ಇನ್ನೂ ದೊಡ್ಡದು. ಗಿರಾಕಿಗಳು ಅದನ್ನು ಒಯ್ಯುವುದಿಲ್ಲ. ಅಪ್ಪ ನಾಯಿಗೆ ಎಸೆಯುತ್ತಿದ್ದ, ನಾಯಿಯೂ ಮೂಸಿ ಬಿಡುತ್ತಿತ್ತು.

ಗಂಡ ಅಜೂಜಿ. ಅವನ ತಾಯಿಗೆ ಹುಟ್ಟಿದ ಮಕ್ಕಳೆಲ್ಲ ಸತ್ತಿದ್ದರಿಂದ ಇವನನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇಡದ ಕೂಸು ಎನ್ನುವಂತೆ ಎತ್ತಿಕೊಂಡು ಬಂದು, ಅಜೂಜಿ, ಅಂದರೆ ತಿಪ್ಪೆ, ಎಂದೇ ಹೆಸರಿಟ್ಟಿದ್ದರು. ಹೀಗೆ ಸಾವಿಗೇ ಬೇಡವಾದವನು ಬೆಳೆದು ದಂಬೆಯ ಜಟ್ಟಿಯಾದ. ಸುಗ್ಗಿ ಮುಗಿಯುತ್ತಲೇ ನಮ್ಮ ಗಂಡಸರು ಊರೂರಿಗೆ ಹೋಗಿ ಆಡುವ ಗುದ್ದಾಟ ಅದು. ಎಡಗೈ ಬರಿಗೈ, ಅದು ಗುರಾಣಿ. ಬಲಮುಷ್ಟಿಗೆ ಹತ್ತಿಯ ಹಗ್ಗ ಸುತ್ತಿ ಬಿಗಿದರೆ ಅದು ಈಟಿ. ಎದುರಾಳಿಯನ್ನು ಕೆಡವಿದರೆ ಕೆಡವಿದ ಎನ್ನುವುದಿಲ್ಲ, ಕೊಂದ ಎನ್ನುತ್ತಾರೆ. ಅಜೂಜಿ ಆ ವರ್ಷಗಳಲ್ಲಿ ಎಷ್ಟು ಜನರನ್ನು ಕೊಂದನೋ! ಡೋಲಿನವರು ಅವನ ಹೆಸರು ಕಟ್ಟಿ ಹಾಡುತ್ತಿದ್ದರು.

ಮನೆಯಲ್ಲಿ ಡೋಲಿರಲಿಲ್ಲ, ಉಳಿದದ್ದೆಲ್ಲ ಇತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಏಟು, ಕಡಿಮೆಯಾದರೆ ಏಟು, ಸರಿಯಾಗಿದ್ದರೆ 'ಇವತ್ತೇನು ಸರಿಯಾಗಿ ಮಾಡಿದ್ದೀಯ, ಯಾರು ಬಂದಿದ್ರು?' ಎಂದು ಏಟು. ಒಮ್ಮೆ ಹೆಗಲ ಮೂಳೆ ಮುರಿಯಿತು. ಒಮ್ಮೆ ಅವನ ಒದೆತಕ್ಕೆ ಹೊಟ್ಟೆಯಲ್ಲಿದ್ದದ್ದು ಹೋಯಿತು, ಮತ್ತೆ ನಿಲ್ಲಲೇ ಇಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಅತ್ತೆ ಸಮಾಧಾನ ಹೇಳುತ್ತಿದ್ದಳು. ಆ ಗಾದೆ ಕಟ್ಟಿದವನು ಏಟು ಕೊಟ್ಟು ಉಂಡು ಮಲಗಿದವನೇ ಇರಬೇಕು. ತಿಂದವಳಿಗೆ ಮಗ್ಗುಲಾಗುವುದಕ್ಕೂ ಆಗುವುದಿಲ್ಲ.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಗೋಬಿರ್ ಕಡೆಯಿಂದ ಒಬ್ಬ ಹೊಸಬ ಬಂದ. ಗಿಡುಗ ಎಂದು ಅಡ್ಡಹೆಸರು, ನಮ್ಮ ಮಾತಿನಲ್ಲಿ ಶಾಹೊ. ಸಣಕಲು ಮೈ, ಉದ್ದ ಕಾಲು. ಕೇರಿಯ ಹೆಂಗಸರು ಕಸಾಯಿಖಾನೆಯ ಗೋಡೆ ಹತ್ತಿ ಕೂತು ನೋಡುತ್ತಿದ್ದರು, ದೇಲುವೂ ಅವರ ನಡುವೆ ಇದ್ದಳು. ಅಜೂಜಿ ಈಟಿ ಬೀಸಿದ. ಅವನ ಬೀಸಿಗೆ ಅಡ್ಡ ನಿಂತವರು ಯಾರೂ ನಿಂತಲ್ಲಿ ಉಳಿದಿರಲಿಲ್ಲ. ಶಾಹೊ ಹಿಂದೆ ಸರಿಯುವ ಬದಲು ಒಳಕ್ಕೆ ನುಗ್ಗಿದ. ಬೀಸಿ ಬಂದ ಕೈಯನ್ನು ಕಂಕುಳಲ್ಲಿ ಅಮುಕಿ ಹಿಡಿದು, ಇಡೀ ಮೈಭಾರ ಹಾಕಿ ಮೊಣಕೈಯ ಮೇಲೆ ಬಿದ್ದ. ಗೋಡೆಯವರೆಗೂ ಕೇಳಿಸಿತು. ದೇಲು ದಿನವೂ ಕೇಳುವ ಮೂಳೆಯ ಸದ್ದೇ ಅದು, ಆದರೆ ಆಗ ಅವಳ ಕೈಯಲ್ಲಿ ಕೊಡಲಿ ಇರಲಿಲ್ಲ.

ಅಜೂಜಿ ಅಲ್ಲಿಗೂ ಬೀಳಲಿಲ್ಲ. ತಿರುಚಿಕೊಂಡ ಕೈ ಜೋತಾಡುತ್ತಿದ್ದಂತೆಯೇ ತಲೆಯಿಂದ ಶಾಹೊನ ಮೂಗಿಗೆ ಗುಮ್ಮಿದ, ಎಡಗೈಯಲ್ಲಿ ಅವನ ಕುತ್ತಿಗೆ ಹಿಸುಕಿದ, ಕಿವಿಗೆ ಬಾಯಿ ಹಾಕಿದ. ನಾಲ್ಕು ಜನ ಸೇರಿ ಬಿಡಿಸಬೇಕಾಯಿತು. ಬಾಯಲ್ಲಿ ಬೇರೆಯವನ ರಕ್ತ ಉಗುಳುತ್ತ, "ನಾನು ಬಿದ್ದಿಲ್ಲ! ಯಾರಾದ್ರೂ ನೋಡಿದ್ರೇನ್ರೋ ನಾನು ಬಿದ್ದಿದ್ದು?" ಎಂದು ಕೂಗುತ್ತಲೇ ಮನೆಗೆ ಬಂದ. ಹೊಸಿಲು ದಾಟಿದ ಮೇಲೆ ಬಿದ್ದ.

ಮೂಳೆ ಕೂರಿಸುವ ಜಾತಾವ್ ಬಂದರು, ಊರಿಗೆಲ್ಲ ಅವರು ಮಾಲಮ್, ಅಂದರೆ ಗುರುಗಳು. ಬಿಳಿಗಡ್ಡದ ಮುದುಕ, ಮಾತು ಕಡಿಮೆ, ಬೆರಳುಗಳು ಮಾತ್ರ ಅರಳೀಮರದ ಬೇರು. ಅಜೂಜಿಯ ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೆದು, ಜಾರಿದ ಮೊಣಕೈಯನ್ನು ಗೂಡಿಗೆ ಕೂರಿಸಿದರು. ಅಜೂಜಿ ಬಾಯಲ್ಲಿದ್ದ ಚರ್ಮದ ಪಟ್ಟಿಯನ್ನು ಕಚ್ಚಿ ತುಂಡು ಮಾಡಿದ. ಎಣ್ಣೆ ಹಚ್ಚಿ, ತಾಳೆಗರಿಯ ಕಡ್ಡಿ ಇಟ್ಟು ಕಟ್ಟು ಕಟ್ಟಿ, ಮುದುಕ ದೇಲುವಿನ ಕಡೆ ಕೈ ಚಾಚಿದರು.

"ಕೋಳಿ ತತ್ತಾರವ್ವ."

ಅವಳು ಚುಕ್ಕೆಚುಕ್ಕೆಯ ಬೂದು ಹೇಟೆಯನ್ನು ತಂದುಕೊಟ್ಟಳು. ಮಾಲಮ್ ಅದರ ಬಲಗಾಲನ್ನು ಗಿಣ್ಣಿನ ಹತ್ತಿರ ಹಿಡಿದು ಲಟಕ್ಕೆಂದು ಮುರಿದರು. ಅದೇ ಎಣ್ಣೆ ಹಚ್ಚಿ, ಅದೇ ಕಡ್ಡಿಯ ಚೂರಿಟ್ಟು ಕಟ್ಟಿದರು.

"ಇದು ನಡೆದ ದಿನ ಇವನ ಕಟ್ಟು ಬಿಚ್ಚೋದು. ಅದಕ್ಕೆ ಮುಂಚೆ ಇವನು ಮುಟ್ಟಿದ್ರೂ ಕೆಡ್ತದೆ, ನಾನು ಮುಟ್ಟಿದ್ರೂ ಕೆಡ್ತದೆ. ಕೋಳಿ ನಿನ್ನ ಜವಾಬ್ದಾರಿ ಕಣವ್ವ. ಹದ್ದು, ನಾಯಿ, ನೋಡ್ಕೋ."

"ಕೋಳಿ ಸತ್ರೆ?" ಎಂದ ಅಜೂಜಿ.

"ಸತ್ರೆ ನನಗೆ ಹೇಳಿ ಕಳಿಸಿ. ಇನ್ನೊಂದರ ಕಾಲು ಮುರಿದು ಮೊದಲಿಂದ ಶುರು. ಅಷ್ಟೇ."

ಮುದುಕ ಅದನ್ನು ಮಳೆ ಬಂದರೆ ಒಳಗೆ ಹೋಗಿ ಎನ್ನುವಷ್ಟು ಸಲೀಸಾಗಿ ಹೇಳಿದರು. ಅಜೂಜಿಗೆ ಅದು ಹಾಗೆ ಕೇಳಿಸಲಿಲ್ಲ. ಮಾಲಮ್ ಹೋದ ಮೇಲೆ ದೇಲುವಿನ ಕಡೆ ತಿರುಗಿ, "ಕೋಳಿ ಸತ್ತ ದಿನ ನೀನೂ ಸಾಯ್ತೀಯ. ತಿಳ್ಕೋ," ಎಂದ. ಅವನು ಬಾಯಿಮಾತಿಗೆ ಹೇಳುವವನಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಕೈ ಕಟ್ಟಿಸಿಕೊಂಡು ಬಿದ್ದ ಜಟ್ಟಿ ಮನೆಯಲ್ಲಿದ್ದರೆ ಗಾಯಗೊಂಡ ಹಂದಿ ಮನೆಯಲ್ಲಿದ್ದಂತೆ. ಅಂಗಡಿಗೆ ಹೋಗುವಂತಿಲ್ಲ, ಡೋಲಿನ ಸದ್ದು ಕೇಳಿದರೆ ಕುದಿಯುತ್ತಿದ್ದ. ಶಾಹೊ ಪಕ್ಕದೂರಿನಲ್ಲಿ ಇನ್ನಿಬ್ಬರನ್ನು ಕೊಂದನೆಂದು ಗೆಳೆಯ ತುಕುರ್ ಬಂದು ಹೇಳಿದ ಮಧ್ಯಾಹ್ನ, ದೇಲು ಜೋಳ ಕುಟ್ಟುತ್ತಿದ್ದಳು. ಬಲಗೈ ಕಟ್ಟಿನಲ್ಲಿದ್ದುದರಿಂದ ಅಜೂಜಿಗೆ ತುವೊ ಮುದ್ದೆಯನ್ನು ಅವಳೇ ಮುರಿದು ಬಾಯಿಗಿಡಬೇಕಿತ್ತು. ಎಡಗೈ ತೊಳೆಯುವ ಕೈ, ಅದರಲ್ಲಿ ಉಂಡವನನ್ನು ನಮ್ಮಲ್ಲಿ ನಾಯಿಯ ಪಂಕ್ತಿಯಲ್ಲೂ ಕೂರಿಸುವುದಿಲ್ಲ. ಅಂದು ಊಟ ತಡವಾಯಿತು.

"ಕೈ ಹೋದವನಿಗೆ ಊಟ ಯಾಕೆ ಅಂತಾನಾ? ಹೇಳೇ!"

"ಆಯ್ತು ಯಜಮಾನ್ರೇ, ಒಂದ್ಗಳಿಗೆ—"

ಅವನು ಅವಳ ಕೈಯಿಂದ ಒನಕೆ ಕಿತ್ತುಕೊಂಡು ಎಡಗೈಯಲ್ಲೇ ಬೀಸಿ ಎಸೆದ. ಅವಳು ಬಗ್ಗಿದಳು. ಒನಕೆ ಅವಳ ತಲೆಯ ಮೇಲೆ ಹಾದು ಗೋಡೆಯ ಮೂಲೆಗೆ ಹೋಗಿ ಬಿತ್ತು. ತಪ್ಪಿತಲ್ಲ ಎನ್ನುವ ಸಿಟ್ಟಿಗೆ ಅವನು ಕಾಲಿನಿಂದ ಒದ್ದ, ಅವಳು ಬಿದ್ದ ಮೇಲೆ ಇನ್ನೂ ಎರಡು ಒದ್ದ, ಆಮೇಲೆ ತುಕುರ್‌ನ ಹೆಗಲ ಮೇಲೆ ಕೈಹಾಕಿ ಹೊರಗೆ ಹೋದ. ಒನಕೆ ಎಲ್ಲಿ ಬಿತ್ತೆಂದು ತಿರುಗಿ ನೋಡಲಿಲ್ಲ.

ಒನಕೆ ಬಿದ್ದದ್ದು ಕೋಳಿಯ ಬುಟ್ಟಿಯ ಮೇಲೆ. ದೇಲು ತೆವಳಿಕೊಂಡು ಹೋಗಿ ಬುಟ್ಟಿ ಎತ್ತಿದಾಗ ಹೇಟೆಯ ಕುತ್ತಿಗೆ ಚಪ್ಪಟೆಯಾಗಿತ್ತು, ಕಟ್ಟಿದ ಕಾಲು ಮಾತ್ರ ಹಾಗೇ ಇತ್ತು.

ಮಾಲಮ್‌ಗೆ ಹೇಳಿ ಕಳಿಸಬೇಕಿತ್ತು. ಹೇಳಿ ಕಳಿಸಿದರೆ ಅಜೂಜಿಗೆ ಗೊತ್ತಾಗುತ್ತದೆ. ಕೊಂದದ್ದು ನಿಮ್ಮದೇ ಒನಕೆ ಎಂದರೆ, ಒನಕೆಗೆ ನೀನು ಯಾಕೆ ಬಗ್ಗಿದೆ ಎನ್ನುವ ಗಂಡಸು ಅವನು. ಅವಳು ಸತ್ತ ಹೇಟೆಯನ್ನು ದನದ ತಲೆ ಸುಡುವ ಬೆಂಕಿಗೆ ಹಾಕಿದಳು. ಕೊಂಬು ಕೂದಲು ಸುಡುವ ವಾಸನೆಯಲ್ಲಿ ಪುಕ್ಕದ ವಾಸನೆ ಯಾರ ಮೂಗಿಗೂ ಬೀಳಲಿಲ್ಲ. ಸಂತೆಗೆ ಓಡಿ, ಅಂಥದೇ ಚುಕ್ಕೆಯ ಬೂದು ಹೇಟೆಯನ್ನು ಹುಡುಕಿ, ಬಟ್ಟೆಯಲ್ಲಿ ಸುತ್ತಿ ತಂದಳು.

ಕಾಲು ಮುರಿಯಬೇಕೆಂದು ಹಿಡಿದುಕೊಂಡಳು. ದಿನಕ್ಕೆ ಎಷ್ಟು ಮೂಳೆ ಒಡೆಯುವ ಕೈ ಅದು! ಕೋಳಿ ಅವಳ ಕಡೆ ಒಂದು ಕಣ್ಣು ತಿರುಗಿಸಿ ಸುಮ್ಮನೆ ಕೂತಿತ್ತು, ಅದರ ಕಾಲು ಅವಳ ಬೆರಳ ನಡುವೆ ಬೆಚ್ಚಗಿತ್ತು. ಅವಳಿಗೆ ಆಗಲಿಲ್ಲ. ಮತ್ತೆ ಹಿಡಿದಳು, ಮತ್ತೆ ಆಗಲಿಲ್ಲ. ಕಡೆಗೆ ಗಟ್ಟಿಮುಟ್ಟಾದ ಕಾಲಿಗೇ ಕಡ್ಡಿ ಕಟ್ಟಿ ಬುಟ್ಟಿಯಡಿ ಮುಚ್ಚಿದಳು. ನಾಳೆ ಮುರಿದರಾಯಿತು, ನಾಡಿದ್ದು ಮುರಿದರಾಯಿತು ಎಂದುಕೊಂಡಳು. ನಾನು ಅವಳನ್ನು ಬೈಯುವವನಲ್ಲ. ಆ ಮನೆಯಲ್ಲಿ ಜೀವ ಇದ್ದದ್ದರ ಮೇಲೆ ಕೈ ಮಾಡಲು ಹೇಸಿದವಳು ಅವಳೊಬ್ಬಳೇ.

ಗಟ್ಟಿ ಕಾಲಿನ ಕೋಳಿ ಎಷ್ಟು ದಿನ ಕುಂಟುತ್ತದೆ? ಕಟ್ಟನ್ನು ಕುಕ್ಕಿ ಕುಕ್ಕಿ ಬಿಚ್ಚಿಕೊಂಡು, ಒಂದು ಬೆಳಿಗ್ಗೆ ಅಂಗಳದ ತುಂಬ ಓಡಾಡಿತು. ಅಜೂಜಿ ಅದನ್ನು ಕಂಡು ಹಬ್ಬದ ಚಂದ್ರ ಕಂಡವನ ಹಾಗೆ ಕೂಗಿದ. "ನಡೀತು! ಕೋಳಿ ನಡೀತು! ಕರೀರೋ ಮುದುಕನ್ನ!"

ಮಾಲಮ್ ಜಾತಾವ್ ಬಂದು ಕೋಳಿಯನ್ನು ಹಿಡಿದು ಕಾಲು ನೀವಿ ನೋಡಿದರು. ಮುರಿದಲ್ಲಿ ಇರಬೇಕಾದ ಗಂಟು ಇರಲಿಲ್ಲ. ಅವರ ಹುಬ್ಬು ಗಂಟಿಕ್ಕಿತು.

"ಇಷ್ಟು ಬೇಗ? ಗಂಟೂ ಇಲ್ವಲ್ಲ..."

"ದೇವರು ಕೊಟ್ಟದ್ದನ್ನ ನೀನು ಬೇಡ ಅಂತೀಯೇನು ಬಾಬಾ?" ಎಂದ ಅಜೂಜಿ. "ಸಾವಿಗೇ ಬೇಡವಾದವನು ನಾನು. ನನ್ನ ಮೂಳೆ ಬೇರೆಯವರ ಮೂಳೆಯಂಗೆ ಅಂತ ತಿಳ್ಕೊಂಡೆಯಾ?"

ಮುದುಕ ದೇಲುವಿನ ಕಡೆ ನೋಡಿದರು. ಅವಳು ಒಲೆಯ ಕಡೆ ಮುಖ ತಿರುಗಿಸಿಕೊಂಡಳು. ಬಾಯಿ ಬಿಟ್ಟರೆ ಸಾವು, ಬಿಡದಿದ್ದರೆ ಅವನ ಕೈ. ಕೈ ತಾನೇ, ಹೇಗೋ ಕೂಡಿಕೊಂಡೀತು ಎಂದು ಮನಸ್ಸಿಗೆ ಹೇಳಿಕೊಂಡಳು. ಜೀವನವಿಡೀ ಕೋಳಿಯ ಮಾತು ಕೇಳಿ ಬಾಳಿದ ಮುದುಕ ಕಡೆಗೆ ಕಟ್ಟು ಬಿಚ್ಚಿದರು. "ಬಿಸಿನೀರು ಹುಯ್ಕೊಂಡು ಮೆಲ್ಲಗೆ ಆಡಿಸು. ಎಳೀಬೇಡ. ಎಳೆದ್ರೆ ಒಳಗೆ ಮತ್ತೆ ರಕ್ತ ಒಡೀತದೆ," ಎಂದು ಹೇಳಿ ಹೋದರು.

ಮೆಲ್ಲಗೆ ಎನ್ನುವ ಮಾತು ಅಜೂಜಿಯ ಕಿವಿಗೆ ಯಾವತ್ತು ಬಿದ್ದಿತ್ತು? ದಂಬೆಯ ದಿನಗಳು ಇನ್ನೂ ಮುಗಿದಿರಲಿಲ್ಲ, ಶಾಹೊ ಇನ್ನೂ ಸೀಮೆಯಲ್ಲೇ ಇದ್ದ. ಬೆಳಿಗ್ಗೆ ಎದ್ದು ಕುದಿಯುವ ನೀರು ಸುರಿಸಿಕೊಳ್ಳುತ್ತಿದ್ದ. ತುಕುರ್ ಮತ್ತು ಇನ್ನೊಬ್ಬ ಹಿಡಿದು, ಒಬ್ಬ ತೋಳು ಒಬ್ಬ ಮುಂಗೈ, ಹಿಂಡಿದ ಬಟ್ಟೆಯ ಹಾಗೆ ಎಳೆದು ಬಗ್ಗಿಸುತ್ತಿದ್ದರು. ಅವನು ಗೂಳಿಯ ಹಾಗೆ ಕೂಗುತ್ತಿದ್ದ, ನಿಲ್ಲಿಸಿದರೆ ನಿಲ್ಲಿಸಿದವನಿಗೇ ಒದೆಯುತ್ತಿದ್ದ. ಆಮೇಲೆ ಅಂಗಳದ ಬೇವಿನ ಕೊಂಬೆ ಹಿಡಿದು ಜೋತುಬೀಳುತ್ತಿದ್ದ. ಮೊಣಕೈ ಕುಂಬಳಕಾಯಿಯಾಗಿ ಊದಿತು, ಮುಟ್ಟಿದರೆ ಒಲೆಯಷ್ಟು ಬಿಸಿ. "ರಕ್ತ ಓಡ್ತಾ ಐತೆ, ಒಳ್ಳೇದು," ಎಂದು ಇನ್ನೂ ಎಳೆಸಿಕೊಂಡ.

ಸಂಜೆ ಕದನ್ಯ ಮರದ ಬೀಜದಿಂದ ತೆಗೆದ ಬೆಣ್ಣೆ ಹಚ್ಚಿ ತಿಕ್ಕುವುದು ದೇಲುವಿನ ಪಾಲು. ಒಂದು ಸಂಜೆ ಅವಳ ಹೆಬ್ಬೆರಳು ಮೊಣಕೈಯ ಮುಂದುಗಡೆ, ಬರೀ ಮಾಂಸವಿರಬೇಕಾದ ಕಡೆ, ಗಿಣ್ಣಿನಂಥ ಗಡ್ಡೆಯ ಮೇಲೆ ನಿಂತಿತು. ಅಂಚು ಹುಡುಕಿದಳು. ಅಂಚಿನಲ್ಲಿ ಮರಳು ಮರಳು. ಅವಳ ಕೈ ತಾನಾಗಿ ಹಿಂದಕ್ಕೆ ಬಂತು.

"ಏನೇ?"

"ಯಜಮಾನ್ರೇ, ಎಳೆಸ್ಕೋಬೇಡಿ. ಒಳಗೆ ಕಲ್ಲು ಕೂರ್ತಾ ಐತೆ. ದೊಣ್ಣೆ ಏಟು ತಿಂದ ಎತ್ತಿನ ಮಾಂಸದಾಗೆ ಕಂಡಿದೀನಿ. ಸುಮ್ನೆ ಬಿಟ್ರೆ ಇಷ್ಟಕ್ಕೇ ನಿಂತೀತು, ಎಳೆದಷ್ಟೂ ರಕ್ತ ಚೆಲ್ಲಿ ಇನ್ನೂ—"

"ನಾನು ಎತ್ತಾ?" ಎಂದ ಅವನು ತಣ್ಣಗೆ. "ನಾನು ದೊಣ್ಣೆ ಏಟು ತಿಂದ ಎತ್ತಾ?" ಎಡಗೈಯಿಂದ ಅವಳ ಜಡೆ ಹಿಡಿದು ಹಣೆಯನ್ನು ಗೋಡೆಗೆ ಬಡಿದ. ಮಾರನೆಯ ಬೆಳಿಗ್ಗೆ ತುಕುರ್‌ನನ್ನು ಕರೆದು ಇನ್ನೂ ಜೋರಾಗಿ ಎಳೆಸಿಕೊಂಡ.

ಮರಳು ಚೂರಾಯಿತು, ಚೂರು ಮೊಟ್ಟೆಯ ಓಡಾಯಿತು. ಪ್ರತಿ ಸಂಜೆ ಅವಳ ಹೆಬ್ಬೆರಳಿಗೆ ಅದರ ಬೆಳವಣಿಗೆ ಗೊತ್ತಾಗುತ್ತಿತ್ತು. ಹೊಟ್ಟೆಯಲ್ಲಿ ಕೂಸು ಬೆಳೆಯುವುದನ್ನು ಒಮ್ಮೆ ಹಾಗೇ ಮುಟ್ಟಿ ನೋಡಿಕೊಂಡಿದ್ದಳು, ಅದು ನಿಲ್ಲಲಿಲ್ಲ, ಇದು ನಿಂತಿತು. ಮೊದಲು ಕೈ ಹೆಗಲಿಗೆ ಮುಟ್ಟುವುದು ತಪ್ಪಿತು, ಆಮೇಲೆ ಬಾಯಿಗೆ ಬರುವುದು ತಪ್ಪಿತು. ಬೀಗದಲ್ಲಿ ಕೀಲಿ ಅರ್ಧ ತಿರುಗಿ ನಿಂತಂತೆ ಮೊಣಕೈ ಸ್ವಲ್ಪ ಮಾತ್ರ ಆಡುತ್ತಿತ್ತು. ಅದೂ ದಿನದಿನಕ್ಕೆ ಕಡಿಮೆಯಾಯಿತು.

ಮತ್ತೆ ಮಾಲಮ್‌ಗೆ ಕರೆ ಹೋಯಿತು. ಅಂಗಳದಲ್ಲಿ ತುಕುರ್, ಕಸಾಯಿಖಾನೆಯ ಇನ್ನೂ ಇಬ್ಬರು ಇದ್ದರು. ಮುದುಕ ಕಣ್ಣು ಮುಚ್ಚಿ ಬೆರಳಿನಿಂದ ಮೊಣಕೈಯನ್ನು ಬಹಳ ಹೊತ್ತು ನೋಡಿದರು.

"ಕೂತ್ಬಿಟ್ಟೈತೆ. ಇನ್ನು ಯಾರಿಂದಲೂ ನಿಲ್ಸಾಕಾಗಲ್ಲ. ಹೊಸ ಮೂಳೆ ಹಳೇ ಮೂಳೆಗೆ ಸೇರ್ಕೊಂಡು ಕೀಲು ಬೀಗ ಹಾಕ್ಕಳ್ತದೆ. ಇನ್ನೂ ಅಷ್ಟು ಇಷ್ಟು ಹಸಿ ಐತೆ, ಅಷ್ಟರಾಗೆ ನಾನು ಮಾಡಾಕಾಗೋದು ಒಂದೇ. ಯಾವ ಮಟ್ಟಕ್ಕೆ ನಿಲ್ಬೇಕು ಅಂತ ನೀನು ಹೇಳು, ಆ ಮಟ್ಟಕ್ಕೆ ಕಟ್ತೀನಿ. ನೆಟ್ಟಗೆ ಕಟ್ಟಿದ್ರೆ ಸಾಯೋತನ್ಕ ನೆಟ್ಟಗೆ. ಬಗ್ಗಿಸಿ ಕಟ್ಟಿದ್ರೆ ಸಾಯೋತನ್ಕ ಬಗ್ಗಿದ್ದು."

"ನೆಟ್ಟಗೆ," ಎಂದ ಅಜೂಜಿ, ಒಂದು ಗಳಿಗೆಯೂ ಯೋಚಿಸದೆ. "ಬಗ್ಗಿದ ಈಟಿ ಯಾವನಿಗೆ ಬೇಕು? ನೆಟ್ಟಗಿದ್ರೆ ಹೆಗಲಿಂದ ಬೀಸ್ತೀನಿ. ಕಬ್ಬಿಣದ ಸಲಾಕೆ ಆಯ್ತದೆ."

"ಉಣ್ಣೋದು? ನೆಟ್ಟಗಿರೋ ಕೈ ಬಾಯಿಗೆ ಬರಲ್ಲಪ್ಪ."

"ಬಾಯಿಗೆ ಇಡಾಕೆ ಇವಳಿದ್ದಾಳಲ್ಲ," ಎಂದು ಅಜೂಜಿ ದೇಲುವಿನ ಕಡೆ ಗದ್ದ ಎತ್ತಿ ತೋರಿಸಿದ. "ಇವಳನ್ನ ಇನ್ಯಾತಕ್ಕೆ ಸಾಕಿರೋದು?"

ಗೆಳೆಯರು ನಕ್ಕರು. ಅಜೂಜಿ ನಗಲಿಲ್ಲ. ತನ್ನ ಕೈಯನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಮುಖ ಕಪ್ಪಿಟ್ಟಿತು.

"ನೀನಲ್ವಾ ಬಿಚ್ಚಿದ್ದು?" ಎಂದ ಮುದುಕನಿಗೆ. "ನಿನ್ನ ಕೋಳಿ ಅಲ್ವಾ ನಡೆದದ್ದು?"

"ಹೌದಪ್ಪ. ಕೋಳಿ ಯಾಕೆ ಹಂಗೆ ಮಾಡ್ತು ಅಂತ ನನಗೂ ತಿಳೀವಲ್ದು. ನಮ್ಮಪ್ಪನ ಕಾಲದಿಂದ ಹಂಗಾಗಿಲ್ಲ."

"ನನ್ನ ಕೈ ತಿಂದಿದೀಯ. ನಿನ್ನ ಕೈ ಕೊಡು."

ಅವನು ಕಣ್ಣಲ್ಲೇ ಹೇಳಿದ್ದನ್ನು ತುಕುರ್ ಅರ್ಥ ಮಾಡಿಕೊಂಡ. ಇಬ್ಬರು ಮಾಲಮ್‌ರನ್ನು ಹಿಡಿದು, ಮೂಳೆ ಒಡೆಯುವ ಮರದ ದಿಮ್ಮಿಯ ಹತ್ತಿರ ಮೊಣಕಾಲೂರಿಸಿದರು. ಬಲಗೈಯನ್ನು ಅಂಗೈ ಕೆಳಗೆ ಮಾಡಿ ದಿಮ್ಮಿಯ ಮೇಲೆ ಒತ್ತಿ ಹಿಡಿದರು. ಅಜೂಜಿ ದೇಲುವಿನ ಕೊಡಲಿಯನ್ನು ಎಡಗೈಗೆ ತೆಗೆದುಕೊಂಡು ಹಿಂಬದಿ ತಿರುಗಿಸಿದ, ಕತ್ತರಿಸುವುದಕ್ಕಲ್ಲ, ಜಜ್ಜುವುದಕ್ಕೆ. ಮುದುಕ ಕೂಗಲಿಲ್ಲ. ತುಟಿ ಮಾತ್ರ ಪ್ರಾರ್ಥನೆಯಲ್ಲಿ ಆಡುತ್ತಿತ್ತು. ದೇಲುವಿನ ಹೆಗಲ ಮೂಳೆಯನ್ನು ಕೂಡಿಸಿದ್ದೂ ಅವೇ ಬೆರಳುಗಳು. ಆ ದಿನ 'ಎಲ್ಲಿ ಬಿದ್ದೆಯವ್ವ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ತಲೆ ತಗ್ಗಿಸಿದ್ದರು. ಅಷ್ಟು ಮರ್ಯಾದೆಯನ್ನಾದರೂ ಅವಳಿಗೆ ಕೊಟ್ಟವರು ಅವರೊಬ್ಬರೇ.

"ಬಾಬಾನ ಕೈ ಬಿಡ್ರಿ," ಎಂದಳು ದೇಲು.

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಹೋಗಿ ದಿಮ್ಮಿಯ ಮೇಲೆ, ಮುದುಕನ ಕೈಯ ಮೇಲೆ, ತನ್ನ ಕೈ ಇಟ್ಟಳು.

"ಕೋಳಿ ಸುಳ್ಳು ಹೇಳಿಲ್ಲ. ಹೇಳಿದೋಳು ನಾನು. ಬಾಬಾ ಕಾಲು ಮುರಿದ ಕೋಳಿ ಸತ್ತುಹೋಯ್ತು. ಅದು ಬೇರೆ ಕೋಳಿ. ಅದರ ಕಾಲು ಮುರಿದೇ ಇರಲಿಲ್ಲ."

ಹಿಡಿದವರ ಕೈ ಸಡಿಲಾಯಿತು. ಮಾಲಮ್ ಕೈ ಎಳೆದುಕೊಂಡು ಎದೆಗೆ ಒತ್ತಿಕೊಂಡರು.

"ಹೆಂಗೆ ಸತ್ತಿತು?" ಎಂದ ಅಜೂಜಿ.

"ನಿಮ್ಮ ಒನಕೆ ಬಿದ್ದು. ನನಗೆ ಎಸೆದ್ರಲ್ಲ, ನಾನು ಬಗ್ಗಿದೆ. ಅದು ಬುಟ್ಟಿ ಮೇಲೆ ಬಿತ್ತು. ತುಕುರಣ್ಣನೂ ಇದ್ದ."

ತುಕುರ್ ನೆಲ ನೋಡಿದ.

"ಅವತ್ತೇ ಯಾಕೆ ಬೊಗಳಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಅದಕ್ಕೆ ಉತ್ತರ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಕೊಡಲಿ ಬಿಸಾಡಿದ. ಅದೊಂದೇ ಅವಳ ಪುಣ್ಯ. ಎಡಗೈಯ ಮುಷ್ಟಿ ಅವಳ ಬಲಗಿವಿಗೆ ಬಿತ್ತು, ದಂಬೆಯಲ್ಲಿ ಬೀಳುವಂತೆ, ಸೊಂಟದಿಂದ ಎದ್ದು ಬಂದ ಏಟು. ಅವಳು ದಿಮ್ಮಿಯ ಆಚೆ ಬಿದ್ದಳು. ಅವನು ಮೇಲೆ ಬಿದ್ದು ಒದ್ದ. ಪಕ್ಕೆಗೆ, ಬೆನ್ನಿಗೆ, ಮುಖಕ್ಕೆ. ನೆಟ್ಟಗಾಗುತ್ತಿದ್ದ ಬಲಗೈಯನ್ನೂ ಬೀಸಿದ, ಅದರ ನೋವಿಗೆ ತಾನೇ ಚೀರಿ ಮತ್ತೆ ಬೀಸಿದ. ಕಡೆಗೆ ಹಿಂದಿನಿಂದ ಅವನ ನಡು ಹಿಡಿದು ಎಳೆದವನು ತುಕುರ್. "ಸಾಕು ಬಿಡಣ್ಣ! ಒನಕೆ ನಿಂದೇ ಅಲ್ವಾ! ಸಾಕು ಬಿಡು!" ಎಂದು ಅಳುತ್ತಿದ್ದ, ಅಷ್ಟು ದೊಡ್ಡ ಗಂಡಸು.

ದೇಲು ಎದ್ದಳು. ಒಂದು ಸಲ ಬಿದ್ದು, ಮತ್ತೆ ಎದ್ದಳು. ಕಿವಿಯಿಂದ ಕುತ್ತಿಗೆಗೆ ರಕ್ತ ಇಳಿಯುತ್ತಿತ್ತು, ಅಂಗಳದ ಮಾತೆಲ್ಲ ಅವಳಿಗೆ ಒಂದೇ ಕಡೆಯಿಂದ ಕೇಳಿಸುತ್ತಿತ್ತು. ಕೊಡಲಿಯನ್ನು ಎತ್ತಿಕೊಂಡಳು. ತುಕುರ್ ಹಿಡಿದಿದ್ದ ಅಜೂಜಿ ಗಕ್ಕನೆ ಹಿಂದೆ ಸರಿದ. ಆ ಒಂದು ಹೆಜ್ಜೆಯನ್ನು ಅಲ್ಲಿದ್ದವರೆಲ್ಲ ನೋಡಿದರು. ಅವಳು ಕೊಡಲಿಯನ್ನು ತನ್ನ ಸಾರಿನ ಪಾತ್ರೆಯೊಳಗೆ ಇಟ್ಟು, ಪಾತ್ರೆಯನ್ನು ಬಟ್ಟೆಯಲ್ಲಿ ಕಟ್ಟಿದಳು.

"ಬಾಬಾ, ಇವನ ಕೈ ಬಗ್ಗಿಸಿ ಕಟ್ಟು," ಎಂದಳು. 'ಇವನ' ಎಂದು ಅವಳು ಅಂದದ್ದು ಅದೇ ಮೊದಲು. "ಬಾಯಿಗೆ ಮುಟ್ಟೋ ಹಂಗೆ. ತುತ್ತು ಇಡಾಕೆ ನಾನಿರಲ್ಲ."

"ಹೋಗ್ಲಿ ಬಿಡಿ, ನಾಕು ದಿನಕ್ಕೆ ತಾನೇ ಬರ್ತಾಳೆ!" ಎಂದು ಅಜೂಜಿ ಕೂಗಿದ. "ಎಲ್ಲಿಗೆ ಹೋಯ್ತೀಯ? ಕಟುಕರ ಹೆಣ್ಣಿಗೆ ಯಾವನು ಬಾಗಿಲು ತೆಗೀತಾನೆ?"

ಅವಳು ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನಡೆದಳು. ದಾರಿಗೆ ಅಡ್ಡ ಬಂದ ಬೂದು ಹೇಟೆ ಕೊಕ್ಕೊಕ್ಕೆನ್ನುತ್ತ ಪಕ್ಕಕ್ಕೆ ಓಡಿತು. ಅವಳು ಬಗ್ಗಿ ಅದನ್ನೂ ಎತ್ತಿ ಕಂಕುಳಲ್ಲಿಟ್ಟುಕೊಂಡಳು. ಯಾರೂ ತಡೆಯಲಿಲ್ಲ.

ಮಾಲಮ್ ಜಾತಾವ್ ಮೇಲೆದ್ದು ಅಂಗಿಯ ಮಣ್ಣು ಕೊಡವಿಕೊಂಡರು. ಈಗತಾನೇ ಜಜ್ಜಿಸಿಕೊಳ್ಳಲಿದ್ದ ಬೆರಳುಗಳಿಂದಲೇ ಅಜೂಜಿಯ ಮೊಣಕೈ ಹಿಡಿದರು. ಬೇರೆ ಯಾರಾದರೂ ಆಗಿದ್ದರೆ ಉಗಿದು ಹೋಗುತ್ತಿದ್ದರು. ಆ ಮುದುಕನಿಗೆ ಮೂಳೆ ಮೊದಲು, ಮನುಷ್ಯ ಆಮೇಲೆ.

"ಹಸಿ ಆರಿಹೋಯ್ತದೆ, ನಾಳೆಗೆ ಅಂದ್ರೆ ಆಗಲ್ಲ. ಹೇಳು. ನೆಟ್ಟಗೋ, ಬಗ್ಗಿಸ್ಲೋ?"

ಅಜೂಜಿ ಬಾಗಿಲ ಕಡೆಯೇ ನೋಡುತ್ತ ನಿಂತ. ಬೀದಿಯಲ್ಲಿ ಅವಳ ಹೆಜ್ಜೆ ಇನ್ನೂ ಕೇಳಿಸುತ್ತಿತ್ತು, ಅದರ ಜೊತೆಗೆ ಕೋಳಿಯ ಸದ್ದು. ಹೆಜ್ಜೆ ಮೂಲೆ ತಿರುಗಿತು. ಒಲೆಯ ಮೇಲೆ ಮಧ್ಯಾಹ್ನದ ತುವೊ ಮುಚ್ಚಿಟ್ಟದ್ದು ಹಾಗೇ ಇತ್ತು. ಮುದುಕ ಮತ್ತೊಮ್ಮೆ ಕೇಳಿದರು.

"ಬಗ್ಗಿಸು," ಎಂದ ಅಜೂಜಿ.